ಹಳೇ ಕಾರಿನ ಒಳಗೆ ಹೊಸ ಬಣ್ಣ

ಹಳೇ ಗಾಡಿಗಳ ಒಳಮೈಗೆ ಮನೆಯಲ್ಲೇ ಸ್ಪ್ರೇ ಹೊಡೆಯುವ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ತಂದೆಯವರು ಇಟ್ಟುಕೊಂಡಿದ್ದ 1982ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಪಾಲಿಗೆ ಬಂದಿದೆ. ಹೊರಗಿನ ಬಣ್ಣ ಗ್ಯಾರೇಜಿನಲ್ಲಿ ಮಾಡಿಸಿದೆ. ಒಳಗೆ ಡ್ಯಾಶ್‌ಬೋರ್ಡಿನ ತಗಡು, ಬಾಗಿಲ ಮೇಲಂಚಿನ ತಗಡು ಎರಡೂ ಬಣ್ಣ ಬಿಟ್ಟಿವೆ, ಅಲ್ಲಲ್ಲಿ ತುಕ್ಕು. ಪೇಂಟರು “ಒಳಗಿನದು ನೀವೇ ಎರಡು ಸ್ಪ್ರೇ ಡಬ್ಬಿ ತಂದು ಹೊಡ್ಕೊಳ್ಳಿ ಸಾರ್, ಅದೇನು ದೊಡ್ಡ ಕೆಲಸ” ಅಂದರು. ಮೀಟರು, ನಾಬು ಯಾವುದನ್ನೂ ಬಿಚ್ಚದೆ ಟೇಪ್ ಅಂಟಿಸಿಯೇ ಹೊಡೆಯಬಹುದೇ?
— ಓದುಗರು, ಮೈಸೂರು

ಪೇಂಟರು ಹೇಳಿದ್ದು ಅರ್ಧ ನಿಜ. ಡಬ್ಬಿ ಒತ್ತುವುದು ಸಣ್ಣ ಕೆಲಸವೇ. ಅದಕ್ಕೆ ಮುಂಚಿನದು ದೊಡ್ಡದು, ಮತ್ತು ಅವರು ಅದನ್ನು ನಿಮ್ಮ ತಲೆಗೆ ದಾಟಿಸಿದ್ದು ಅದಕ್ಕೇ.

ಬಿಚ್ಚದೆ ಹೊಡೆಯಬೇಡಿ. ನಾಬಿನ ಬುಡಕ್ಕೆ ಎಷ್ಟೇ ನಾಜೂಕಾಗಿ ಟೇಪ್ ಸುತ್ತಿದರೂ ಅಲ್ಲೊಂದು ಗೆರೆ ಉಳಿಯುತ್ತದೆ. ಬಣ್ಣದ ಪದರು ತಗಡಿಗೂ ನಾಬಿಗೂ ಸೇರಿ ಕೂತು, ಮುಂದೆ ನಾಬು ತೆಗೆದ ದಿನ ಹಪ್ಪಳೆಯಾಗಿ ಎದ್ದು ಬರುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಸ್ಟೀರಿಂಗಿನ ಹಿಂದಿನಿಂದ, ಮುಂದಿನಿಂದ, ಕೆಳಗಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡ್ಯಾಶಿನ ಹಿಂದೆ ಎಷ್ಟು ವೈರುಗಳು ಯಾವ ಯಾವ ಬಣ್ಣದಲ್ಲಿ ತೂಗಾಡುತ್ತವೆ ಎಂದು ಗೊತ್ತಾಗುವುದೇ ಅಲ್ಲಿ ಕೈಹಾಕಿದ ಮೇಲೆ. ಪ್ರತಿ ವೈರಿಗೂ ಟೇಪಿನ ತುಂಡು ಸುತ್ತಿ ನಂಬರ್ ಬರೆಯಿರಿ. ಸ್ಪೀಡೋಮೀಟರನ್ನು ಎಳೆಯುವ ಮುನ್ನ ಹಿಂದಿನ ಕೇಬಲಿನ ತಿರುಪನ್ನು ಕೈಯಿಂದಲೇ ಸಡಿಲಿಸಿ. ಇಕ್ಕಳ ಹಾಕಿದರೆ ಮರೆ ಹೋಗುತ್ತದೆ. ಹಳೇ ನಾಬುಗಳು ಒಣಗಿ ಗಡುಸಾಗಿರುತ್ತವೆ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ತೋರಿಸಿದರೆ ಸೀಳದೆ ಬರುತ್ತವೆ. ಕೆಲವಕ್ಕೆ ಕುತ್ತಿಗೆಯಲ್ಲಿ ಸಣ್ಣ ತೂತು, ಅದರೊಳಗೆ ಒತ್ತುವ ಪಿನ್ನು ಇರುತ್ತದೆ. ಹುಡುಕಿ ನೋಡದೆ ಎಳೆಯಬೇಡಿ.

ಈಗ ಮುಖ್ಯ ಪ್ರಶ್ನೆ: ತಗಡಿನ ಮೇಲೆ ಈಗಿರುವುದು ಯಾವ ಬಣ್ಣ? ಆಶ್‌ಟ್ರೇ ಕೂರುವ ಗೂಡಿನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಹಳೇ ಬನಿಯನ್ ಬಟ್ಟೆಯನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ ಉಜ್ಜಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ, ಅಂದರೆ ನಮ್ಮ ಗ್ಯಾರೇಜುಗಳು ಡ್ಯೂಕೋ ಎನ್ನುವ ನೈಟ್ರೋಸೆಲ್ಯುಲೋಸ್ ಬಣ್ಣ. ಚರ್ಮ ಸುಕ್ಕುಗಟ್ಟಿದಂತೆ ಎದ್ದರೆ ಎನಾಮೆಲ್. ಏನೂ ಆಗದಿದ್ದರೆ ಹಾರ್ಡನರ್ ಬೆರೆಸಿ ಹೊಡೆದ ಪೇಂಟ್ ಅಥವಾ ಒಲೆಯಲ್ಲಿ ಕಾಯಿಸಿದ ಫ್ಯಾಕ್ಟರಿ ಪೇಂಟ್. ಎನ್‌ಸಿ ಮೇಲೆ ಎನಾಮೆಲ್ ಹೊಡೆಯಬಹುದು. ಎನಾಮೆಲ್ ಮೇಲೆ ಎನ್‌ಸಿ ಹೊಡೆದರೆ ಅದರ ಥಿನ್ನರು ಕೆಳಗಿನ ಪದರನ್ನು ಕಚ್ಚಿ ಎಬ್ಬಿಸುತ್ತದೆ. ನಮ್ಮಲ್ಲಿ ಮನೆಮನೆಗೂ ಗೇಟಿಗೆ ಹಚ್ಚಿ ಉಳಿದ ರೆಡ್ ಆಕ್ಸೈಡ್ ಡಬ್ಬಿ ಒಂದು ಇದ್ದೇ ಇರುತ್ತದೆ. ತುಕ್ಕು ಕಂಡಲ್ಲಿ ಅದನ್ನು ಬ್ರಷ್‌ನಲ್ಲಿ ಬಳಿದು, ಮರುದಿನ ಅದರ ಮೇಲೆ ಲ್ಯಾಕರ್ ಸ್ಪ್ರೇ ಹೊಡೆದು, “ಡಬ್ಬಿ ನಕಲಿ” ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರು ಬಹಳ. ತಪ್ಪು ಡಬ್ಬಿಯದಲ್ಲ. ಗೇಟಿನ ರೆಡ್ ಆಕ್ಸೈಡು ನಿಧಾನವಾಗಿ ಒಣಗುವ ಎಣ್ಣೆ ಜಾತಿಯದು, ಲ್ಯಾಕರಿನ ಥಿನ್ನರು ಅದನ್ನೂ ಹಾಗೆಯೇ ಕಚ್ಚಿ ಎಬ್ಬಿಸುತ್ತದೆ.

ತುಕ್ಕು ಇರುವಲ್ಲಿ ತಂತಿ ಬ್ರಷ್, ಆಮೇಲೆ 120ರ ಎಮರಿ ಕಾಗದ ಹಾಕಿ ಹೊಳೆಯುವ ತಗಡು ಕಾಣುವ ತನಕ ತಿಕ್ಕಿ. ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ತೊಳೆದು, ಪೂರ್ತಿ ಒಣಗಿಸಿ, ಅಂದೇ ಪ್ರೈಮರ್ ಹೊಡೆಯಿರಿ. ಉಳಿದ ಕಡೆ 320ರ ವಾಟರ್ ಪೇಪರು ಸಾಕು. ನೀರು ಹಾಕಿಯೇ ತಿಕ್ಕಿ. ಆ ಕಾಲದ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣ ಧೂಳು ಮನೆಯೊಳಗೆ ಹಾರಬಾರದು. ಮಕ್ಕಳು ಹತ್ತಿರ ಸುಳಿಯಬಾರದು.

ಪ್ರೈಮರ್ ಒಣಗಿದ ಮೇಲೆ 600ರ ಪೇಪರಿನಲ್ಲಿ ನುಣುಪು ಮಾಡಿ ಬಣ್ಣ ಹೊಡೆಯಿರಿ. ಡಬ್ಬಿಯೊಳಗಿನ ಗೋಲಿ ಸಡಿಲಾಗಿ ಸದ್ದು ಮಾಡಲು ಶುರುಮಾಡಿದ ಮೇಲೆ ಇನ್ನೂ ಎರಡು ನಿಮಿಷ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರ. ಒತ್ತುವುದನ್ನು ತಗಡಿನ ಅಂಚಿನ ಆಚೆಯೇ ಶುರುಮಾಡಿ, ಆಚೆಯೇ ನಿಲ್ಲಿಸಿ. ಒಂದು ಸಾಲಿನ ಅರ್ಧಭಾಗ ಮುಂದಿನ ಸಾಲಿನ ಕೆಳಗೆ ಬರಲಿ. ಮೊದಲ ಕೋಟು ರಂಗೋಲಿಗೆ ಮುನ್ನ ಅಂಗಳಕ್ಕೆ ನೀರು ಚಿಮುಕಿಸಿದ ಹಾಗಿರಬೇಕು, ಕೆಳಗಿನ ಪ್ರೈಮರ್ ಇಣುಕುತ್ತಿರಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಮೊದಲ ಕೋಟಿನಲ್ಲೇ ಪೂರ್ತಿ ಬಣ್ಣ ಕಾಣಬೇಕೆಂಬ ಆಸೆಗೆ ಬಿದ್ದರೆ ಗ್ಯಾರಂಟಿಯಾಗಿ ಸೋರುತ್ತದೆ.

ಬಿಚ್ಚಿ ಹೊರತರಬಹುದಾದ ಗ್ಲೌವ್‌ಬಾಕ್ಸ್ ಬಾಗಿಲು, ಮೀಟರಿನ ಸುತ್ತಿನ ಪಟ್ಟಿ ಇವನ್ನೆಲ್ಲ ಹೊರಗೇ ಹೊಡೆಯಿರಿ. ಬಾಡಿಗೆ ಸೇರಿಕೊಂಡ ತಗಡನ್ನು ಅಲ್ಲೇ ಹೊಡೆಯಬೇಕಾದರೆ ಸೀಟು ಕಳಚಿ, ನಾಲ್ಕೂ ಬಾಗಿಲು ತೆರೆದು, ಗಾಜು, ಸ್ಟೀರಿಂಗ್, ಅದರ ಕಂಬದ ಗೇರ್ ಕಡ್ಡಿ ಎಲ್ಲ ಸುತ್ತಿ ಮುಚ್ಚಿ, ಗಾಡಿಯ ಹೊರಗೆ ನಿಂತು ಕೈ ಒಳಚಾಚಿ ಹೊಡೆಯಿರಿ. ಒಳಗೆ ಕೂತು ಹೊಡೆಯಲೇಬೇಡಿ. ಡಬ್ಬಿಯಿಂದ ನೂಕುವ ಅನಿಲ ಗಾಳಿಗಿಂತ ಭಾರ. ಕಾರಿನ ನೆಲದಲ್ಲಿ ತುಂಬಿಕೊಂಡು ಕೂರುತ್ತದೆ. ಒಂದು ಕಿಡಿ ಸಾಕು. ಶೆಡ್ಡಿನ ಪಕ್ಕದಲ್ಲೇ ದೇವರ ಕೋಣೆಯ ಕಿಟಕಿ ಇದ್ದರೆ ಅಂದು ದೀಪ ಹಚ್ಚುವುದು ಸ್ವಲ್ಪ ತಡವಾಗಲಿ. ಅಂದಹಾಗೆ ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಬದಲಾಯಿಸುವ ಯೋಚನೆ ಇದ್ದರೆ ಈ ಕೆಲಸವನ್ನು ಅದರ ಜೊತೆಗೇ ಇಟ್ಟುಕೊಳ್ಳಿ. ಗಾಜು ಇಲ್ಲದಾಗ ಡ್ಯಾಶಿನ ಮೇಲ್ಭಾಗಕ್ಕೆ ಕೈ ಸಲೀಸಾಗಿ ಸಿಗುತ್ತದೆ. ಆ ಮೇಲ್ಭಾಗ ಮಾತ್ರ ಹೊಳಪಿಲ್ಲದ ಮ್ಯಾಟ್ ಇರಲಿ. ಹೊಳೆದರೆ ಮಧ್ಯಾಹ್ನದ ಬಿಸಿಲಲ್ಲಿ ಅದರ ನೆರಳು ಗಾಜಿನ ಮೇಲೆ ಬಿದ್ದು ರಸ್ತೆ ಕಾಣುವುದಿಲ್ಲ.

ಜುಲೈನಲ್ಲಿ ಫಿಯೆಟ್ಟಿನ ಬಾಗಿಲ ತಗಡಿಗೆ ಕಪ್ಪು ಲ್ಯಾಕರ್ ಹೊಡೆದೆ. ಹೊಡೆದ ಹತ್ತು ನಿಮಿಷದಲ್ಲಿ ಬೂದಿ ಬಳಿದಂತೆ ಬೆಳ್ಳಗಾಯಿತು. ಇದು ಕಳಪೆ ಪೇಂಟ್ ಇರಬಹುದೇ?
— ಓದುಗರು, ಪುತ್ತೂರು

ಪೇಂಟ್ ಸರಿಯಾಗಿಯೇ ಇರಬೇಕು, ತಿಂಗಳು ಸರಿಯಿಲ್ಲ. ಲ್ಯಾಕರಿನ ಥಿನ್ನರು ಬೇಗ ಆರುತ್ತದೆ. ಆರುವಾಗ ತಗಡಿನ ಮೇಲ್ಮೈಯನ್ನು ತಂಪು ಮಾಡುತ್ತದೆ. ಆಟಿಯ ಮಳೆಯಲ್ಲಿ ನಿಮ್ಮ ಕಡೆ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಆ ತಂಪಿಗೆ ತೇವ ಇಳಿದು, ಒಣಗುವ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಆ ಬಿಳುಪು ಅದೇ. ಗಾಳಿಯ ತೇವಾಂಶ ಶೇ 80 ದಾಟಿದ ದಿನ ಲ್ಯಾಕರ್ ಮುಟ್ಟದಿರುವುದು ಲೇಸು.

ಈಗ ಆಗಿರುವುದನ್ನು ಕೆರೆದು ತೆಗೆಯಬೇಕಿಲ್ಲ. ಒಣ ಹವೆಯ ದಿನ ಬರಲಿ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಮಂಜಿನಂತೆ ತೆಳ್ಳಗೆ ಹಾಯಿಸಿದರೆ ಮೇಲ್ಪದರು ಕೊಂಚ ಕರಗಿ ತೇವ ಹೊರಹೋಗಿ ಕಪ್ಪು ಮರಳುತ್ತದೆ. ಹಾಗೂ ಹೋಗದಿದ್ದರೆ 600ರಲ್ಲಿ ತಿಕ್ಕಿ ಇನ್ನೊಂದು ಕೋಟು. ಬಲ್ಬು, ಹೀಟರ್ ಹಚ್ಚಿ ಒಣಗಿಸುವ ಉಪಾಯ ಬೇಡ. ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡರೆ ಅರ್ಧ ತೊಂದರೆ ತಾನಾಗಿ ತಪ್ಪುತ್ತದೆ.

ನಮ್ಮ ಅಂಬಾಸಿಡರಿನ ಸೀಟು ಮೆರೂನ್ ರೆಕ್ಸಿನ್. ಕ್ರೀಮ್ ಬಣ್ಣ ಮಾಡುವ ಆಸೆ. ಹೊಸದಾಗಿ ಹೊಲಿಸುವ ಬದಲು ಸ್ಪ್ರೇ ಹೊಡೆದರೆ ನಿಲ್ಲುತ್ತದೆಯೇ?
— ಓದುಗರು, ಹುಬ್ಬಳ್ಳಿ

ತಗಡಿಗೆ ಹೊಡೆಯುವ ಡಬ್ಬಿಯನ್ನು ಸೀಟಿಗೆ ಹೊಡೆದರೆ ಒಂದು ವಾರ ನಿಲ್ಲುತ್ತದೆ. ಕೂತಾಗ ರೆಕ್ಸಿನ್ ಬಗ್ಗುತ್ತದೆ, ಆ ಬಣ್ಣ ಬಗ್ಗುವುದಿಲ್ಲ. ಹಾಗಾಗಿ ಬಿರುಕು. ರೆಕ್ಸಿನ್‌ಗೆಂದೇ ಬರುವ ವಿನೈಲ್ ಸ್ಪ್ರೇ ಬೇರೆ ಜಾತಿ. ಅದು ತೆಳ್ಳಗೆ ಕೂತು ರೆಕ್ಸಿನಿನ ಜೊತೆಗೇ ಮಡಚಿಕೊಳ್ಳುತ್ತದೆ. ದಪ್ಪಗೆ ಹೊಡೆದರೆ ಅದೂ ಕೆಟ್ಟಂತೆಯೇ. ರೆಕ್ಸಿನಿನ ಗೆರೆಗೆರೆ ಮೈ ಮುಚ್ಚಿಹೋಗಿ ಸೀಟು ಬಕೆಟ್ಟಿನ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಆದರೆ ನಿಮ್ಮ ಆಸೆಯ ದಿಕ್ಕು ಕಷ್ಟದ್ದು. ತಿಳಿ ಬಣ್ಣದಿಂದ ಗಾಢಕ್ಕೆ ಹೋಗುವುದು ಸುಲಭ, ಮೆರೂನಿನಿಂದ ಕ್ರೀಮಿಗೆ ಬರಲು ಕೋಟು ಮೇಲೆ ಕೋಟು ಬೇಕು. ಕೋಟು ಹೆಚ್ಚಿದಷ್ಟೂ ಬಿರುಕು ಹತ್ತಿರ. ಹೊಲಿಗೆಯ ಸಂದಿಯಲ್ಲಿ, ಇಳಿಯುವಾಗ ತೊಡೆ ಉಜ್ಜುವ ಅಂಚಿನಲ್ಲಿ ಮೊದಲು ಮೆರೂನ್ ಇಣುಕುತ್ತದೆ. ಇನ್ನೊಂದು ಮಾತು. ರೆಕ್ಸಿನನ್ನು ಮೆತ್ತಗಿಡಲು ಪಿವಿಸಿಯಲ್ಲಿ ಬೆರೆಸಿರುವ ಎಣ್ಣೆಯಂಥ ಅಂಶ ವರ್ಷಗಳಿಂದ ಮೇಲೆ ಜಿನುಗುತ್ತಲೇ ಇರುತ್ತದೆ. ಅದನ್ನು ಸೋಪುನೀರು, ಮೆತ್ತನೆಯ ಬ್ರಷ್ ಹಾಕಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆಯದೆ ಹೊಡೆದರೆ ಬಣ್ಣ ಎಂದೂ ಪೂರ್ತಿ ಒಣಗದೆ ಅಂಟಂಟಾಗಿ ಪಂಚೆಗೆ, ಸೀರೆಗೆ ಹತ್ತುತ್ತದೆ.

ಉಗುರಿನಿಂದ ಒತ್ತಿ ನೋಡಿ. ರೆಕ್ಸಿನ್ ಇನ್ನೂ ಮೆತ್ತಗಿದ್ದು ಬರೀ ಬಣ್ಣ ಮಾಸಿದ್ದರೆ ಅದೇ ಮೆರೂನನ್ನು ವಿನೈಲ್ ಸ್ಪ್ರೇಯಲ್ಲಿ ಮತ್ತೆ ಹೊಡೆಯಿರಿ, ಚಂದ ಬರುತ್ತದೆ. ಗಡುಸಾಗಿ ಸೀಳಿದ್ದರೆ ಯಾವ ಡಬ್ಬಿಯೂ ಬೇಡ, ಸೀಟ್ ಕವರ್ ಅಂಗಡಿಗೆ ಹೋಗಿ. ಕ್ರೀಮೇ ಬೇಕು ಎಂದಾದರೂ ಅಲ್ಲಿಗೇ ಹೋಗಿ. ಇನ್ನು ಅಂಬಾಸಿಡರಿಗೆ ಹಳೇ ಸರ್ಕಾರಿ ಗತ್ತು ಸಾಕು ಎನ್ನುವವರಿಗೆ ಬಿಳಿ ಟರ್ಕಿ ಟವೆಲ್ ಹೊದಿಸುವ ದಾರಿ ಇದ್ದೇ ಇದೆ. ಅದರಷ್ಟು ಅಗ್ಗದ ಮರೆಮಾಚುವಿಕೆ ಇನ್ನೊಂದಿಲ್ಲ.

1980ರ ದಶಕದ ಮಾರುತಿ 800 ಇದೆ. ಒಳಗಿನ ಪ್ಲಾಸ್ಟಿಕ್ ಭಾಗಗಳಿಗೆ ಸ್ಪ್ರೇ ಹೊಡೆದೆ. ಒಂದರಲ್ಲಿ ಬಣ್ಣ ಅಲ್ಲಲ್ಲಿ ದೂರ ಸರಿದು ವೃತ್ತ ವೃತ್ತವಾಗಿ ತೂತು ಬಿದ್ದಿದೆ. ಇನ್ನೊಂದರಲ್ಲಿ ಉಗುರು ತಾಗಿದರೆ ಹಾಳೆಯಂತೆ ಕಿತ್ತು ಬರುತ್ತಿದೆ. ಎರಡಕ್ಕೂ ಒಂದೇ ಡಬ್ಬಿ ಹೊಡೆದದ್ದು.
— ಓದುಗರು, ದಾವಣಗೆರೆ

ಎರಡೂ ಬೇರೆ ಬೇರೆ ರೋಗ. ಮೊದಲನೆಯದನ್ನು ಪೇಂಟರುಗಳು ಫಿಶ್ ಐ ಎನ್ನುತ್ತಾರೆ. ಕಾರಣ ಸಿಲಿಕೋನ್. ವಾಟರ್ ವಾಶ್‌ಗೆ ಕೊಟ್ಟಾಗಲೆಲ್ಲ ಕೊನೆಗೆ ಹುಡುಗರು ಡ್ಯಾಶಿಗೆ ಹಚ್ಚಿ ಮಿರಮಿರ ಮಿಂಚಿಸುತ್ತಾರಲ್ಲ, ಆ ಪಾಲಿಶಿನಲ್ಲಿ ಇರುವುದು ಅದೇ. ಸೋಪಿಗೆ ಅದು ಜಗ್ಗುವುದಿಲ್ಲ. ಪೇಂಟ್ ಅಂಗಡಿಯಲ್ಲಿ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್ ಕೇಳಿ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಶುಭ್ರ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಒಂದೇ ಬಟ್ಟೆಯಲ್ಲಿ ಎರಡೂ ಮಾಡಿದರೆ ಸಿಲಿಕೋನನ್ನು ಇಲ್ಲಿಂದ ಅಲ್ಲಿಗೆ ಸವರಿದಂತಾಯಿತು ಅಷ್ಟೆ. ಎಮರಿ ತಿಕ್ಕುವುದಕ್ಕಿಂತ ಮೊದಲೇ ಇದಾಗಬೇಕು, ಇಲ್ಲದಿದ್ದರೆ ಗೀರುಗಳ ಆಳಕ್ಕೆ ಇಳಿಯುತ್ತದೆ.

ಹಾಳೆಯಾಗಿ ಕಿತ್ತು ಬಂದ ಭಾಗವನ್ನು ತಿರುಗಿಸಿ ಹಿಂಬದಿ ನೋಡಿ. ಪಿಪಿ ಎಂಬ ಅಚ್ಚು ಇದ್ದರೆ ಅದು ಪಾಲಿಪ್ರೊಪಿಲೀನ್. ಯಾವ ಬಣ್ಣವೂ ಅದಕ್ಕೆ ನೇರವಾಗಿ ಹಿಡಿಯುವುದಿಲ್ಲ. ಅಡ್ಹೀಶನ್ ಪ್ರೊಮೋಟರ್ ಎಂದು ಸಿಗುವ ಪಾರದರ್ಶಕ ಸ್ಪ್ರೇಯನ್ನು ಮೊದಲು ತೆಳ್ಳಗೆ ಹೊಡೆದು, ಡಬ್ಬಿ ಹೇಳಿದ ಅವಧಿಯೊಳಗೇ ಬಣ್ಣ ಹೊಡೆಯಬೇಕು. ಎಬಿಎಸ್ ಎಂದಿದ್ದರೆ ಅಷ್ಟು ಹಟಮಾರಿಯಲ್ಲ. ತಿಕ್ಕಿ ಪ್ಲಾಸ್ಟಿಕ್ ಪ್ರೈಮರ್ ಹೊಡೆದರೆ ಸಾಕು. ಯಾವ ಗುರುತೂ ಇಲ್ಲದ ಹಳೇ ತುಂಡಾದರೆ ಪಿಪಿ ಎಂದೇ ತಿಳಿದು ನಡೆಯಿರಿ, ನಷ್ಟವಿಲ್ಲ.

ಗ್ಯಾರೇಜಿನ ಗೆಳೆಯ ಕಂಪ್ರೆಸರ್, ಗನ್, ಹಾರ್ಡನರ್ ಬೆರೆಸುವ 2ಕೆ ಪಿಯು ಪೇಂಟ್ ಕೊಡುತ್ತೇನೆ ಎಂದಿದ್ದಾನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಡೆಯುವ ಯೋಚನೆ. ಕೋವಿಡ್ ಕಾಲದ ಎನ್‌95 ಮಾಸ್ಕ್ ಇದೆ.
— ಓದುಗರು, ಬೆಂಗಳೂರು

ಬೇಡ. ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಉಬ್ಬಸ ಹಿಡಿಯಬಹುದು. ಒಮ್ಮೆ ಒಗ್ಗದಂತಾದ ಮೇಲೆ ಆಮೇಲೆ ಅತ್ಯಲ್ಪ ಪ್ರಮಾಣವೂ ಆಪತ್ತು. ವಾಸನೆಯಿಂದ ಮುನ್ಸೂಚನೆ ಸಿಗುವ ಪದಾರ್ಥವೂ ಅಲ್ಲ ಅದು. ಅದಕ್ಕಾಗಿಯೇ ಸರಿಯಾದ ಪೇಂಟ್ ಬೂತಿನಲ್ಲಿ ಹೊರಗಿನ ಶುದ್ಧಗಾಳಿಯನ್ನು ಪೈಪಿನಲ್ಲಿ ಮುಖವಾಡಕ್ಕೆ ತಂದುಕೊಂಡು ಹೊಡೆಯುತ್ತಾರೆ. ನಿಮ್ಮ ಎನ್‌95 ಕಣವನ್ನು ತಡೆಯುತ್ತದೆ, ಆವಿಯನ್ನಲ್ಲ. ಸಾಧಾರಣ ಡಬ್ಬಿಯ ಸ್ಪ್ರೇಗೂ ಅದು ಸಾಲದು. ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಜೊತೆಗೆ ಕಣ ತಡೆಯುವ ಫಿಲ್ಟರೂ ಇರುವ ರಬ್ಬರ್ ಮುಖವಾಡವೇ ಬೇಕು. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ.

ಬೇಸ್‌ಮೆಂಟಿನಲ್ಲಿ ಗಾಳಿ ಆಡುವುದಿಲ್ಲ. ಜೊತೆಗೆ ಬೆಳಿಗ್ಗೆ ನಾಲ್ಕು ಕಾರಿನಾಚೆ ನಿಂತ ನೆರೆಯವರ ಹೊಸ ಗಾಡಿಯ ಮೈ ಸವರಿದರೆ ಸಣ್ಣ ಮರಳು ಉದುರಿದಂತೆ ನಿಮ್ಮ ಬಣ್ಣದ ಧೂಳು ಕೈಗೆ ಸಿಗುತ್ತದೆ. ಆಮೇಲಿನ ಅಸೋಸಿಯೇಷನ್ ಮೀಟಿಂಗು ನಿಮಗೆ ಬಿಟ್ಟದ್ದು. ಭಾಗಗಳನ್ನು ಬಿಚ್ಚಿ ಗೆಳೆಯನ ಗ್ಯಾರೇಜಿಗೇ ಒಯ್ಯಿರಿ. ಅವನ ಹತ್ತಿರ ಬೂತ್ ಇಲ್ಲದಿದ್ದರೆ ಇರುವವರ ಹತ್ತಿರ ಒಯ್ಯಿರಿ.

1970ರ ಅಂಬಾಸಿಡರ್ ಮಾರ್ಕ್ 2. ಒಳಗಿನ ಮೂಲ ಬಣ್ಣ ಯಾವುದೆಂದು ತಿಳಿಯುವುದು ಹೇಗೆ? ಒಳಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕೇ? ವಿಂಟೇಜ್ ನೋಂದಣಿಗೆ ಅಡ್ಡಿಯೇ?
— ಓದುಗರು, ಶಿವಮೊಗ್ಗ

ಬಿಸಿಲು, ಕೈ, ಪೇಂಟರ್ ಮೂವರೂ ತಲುಪದ ಜಾಗಗಳನ್ನು ನೋಡಿ: ಮೀಟರಿನ ಹಿಂದೆ, ಗ್ಲೌವ್‌ಬಾಕ್ಸಿನ ಕೀಲಿನ ಅಡಿ, ಬಾಗಿಲ ಪ್ಯಾಡ್ ಕಳಚಿದರೆ ಅದರ ಮರೆಯ ತಗಡು. ಮೇಲೆ ಹಲವು ಪದರು ಇದ್ದರೆ ನಾಣ್ಯದಗಲ ಜಾಗವನ್ನು 800ರ ವಾಟರ್ ಪೇಪರಿನಲ್ಲಿ ಮೆಲ್ಲಗೆ ತಿಕ್ಕಿ. ಒಂದೊಂದೇ ಬಣ್ಣ ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತದೆ. ತಗಡಿಗೆ ತಾಗಿದ ಪ್ರೈಮರಿನ ಮೇಲಿನ ಉಂಗುರವೇ ನಿಮ್ಮದು. ಗ್ಲೌವ್‌ಬಾಕ್ಸ್ ಬಾಗಿಲನ್ನೇ ಕಳಚಿ ಪೇಂಟ್ ಅಂಗಡಿಗೆ ಒಯ್ದರೆ ಕಂಪ್ಯೂಟರಿನಲ್ಲಿ ಹೊಂದಿಸಿ ಸ್ಪ್ರೇ ಡಬ್ಬಿಗೂ ತುಂಬಿಸಿ ಕೊಡುವವರಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ವಿಚಾರಿಸಿ. ಫೋಟೋ ತೋರಿಸಿ ಬಣ್ಣ ಹೊಂದಿಸಬೇಡಿ. ಒಂದು ಡಬ್ಬಿ ಹೆಚ್ಚಿಗೇ ಮಾಡಿಸಿ. ಎರಡನೇ ಸಲ ಬೆರೆಸಿದ್ದು ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ.

ಆರ್‌ಸಿಯಲ್ಲಿ ದಾಖಲಾಗಿರುವುದು ಹೊರಗಿನ ಬಣ್ಣ. ಒಳಗಿನದಕ್ಕೆ ಅರ್ಜಿ ಬೇಕಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಿಯಮ ತಡೆಯುವುದು ಚಾಸಿ, ಬಾಡಿ, ಇಂಜಿನ್ನಿನ ಮೂಲರೂಪ ಬದಲಿಸುವುದನ್ನು. ಹಾಗಾಗಿ ಡ್ಯಾಶಿನ ಬಣ್ಣದಿಂದ ಅಡ್ಡಿಯಿಲ್ಲ. ಆದರೆ ವಿಂಟೇಜ್ ಎಂದಾದ ಮೇಲೆ ದಿನದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದು ನೆನಪಿರಲಿ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಫ್ಯಾಕ್ಟರಿಯ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ಹೊಡೆಯಲೇಬೇಡಿ. ತೊಳೆದು, ರಬ್ಬಿಂಗ್ ಕಾಂಪೌಂಡಿನಲ್ಲಿ ಹಗುರವಾಗಿ ತಿಕ್ಕಿ, ಚುಕ್ಕೆ ಬಿದ್ದಲ್ಲಿ ಮಾತ್ರ ಸಣ್ಣ ಬ್ರಷ್‌ನಲ್ಲಿ ತುಂಬಿ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಯಬಹುದು, ಹಳೆಯದನ್ನು ಮತ್ತೆ ತರಲಾಗುವುದಿಲ್ಲ.

ನಮ್ಮ ಯಜಮಾನರು ಕಾರಿನೊಳಗೆ ಪೇಂಟ್ ಹೊಡೆದು ನಾಲ್ಕು ದಿನವಾಯಿತು. ಮುಟ್ಟಿದರೆ ಒಣಗಿದೆ, ಆದರೂ ವಾಸನೆ ಹೋಗಿಲ್ಲ. ಪುಟ್ಟ ಮಗುವನ್ನು ಕೂರಿಸಿಕೊಂಡು ಊರಿಗೆ ಹೋಗಬಹುದೇ?
— ಓದುಗರು, ಶಿರಸಿ

ಈ ವಾರ ಬಸ್ಸಿನಲ್ಲಿ ಹೋಗಿಬನ್ನಿ. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನ ಥಿನ್ನರು ಪೂರ್ತಿ ಹೊರಬೀಳುವುದು ಬೇರೆ. ದಪ್ಪ ಕೋಟು ಬಿದ್ದಿದ್ದರೆ ವಾರಗಳೇ ಹಿಡಿಯಬಹುದು. ಹಗಲು ಬಿಸಿಲಲ್ಲಿ ಗಾಜು ಇಳಿಸಿ ನಿಲ್ಲಿಸಿ. ಸಂಜೆ ಗಾಜು ಮುಚ್ಚಿಟ್ಟು ಬೆಳಿಗ್ಗೆ ಬಾಗಿಲು ತೆರೆದಾಗ ಮೂಗಿಗೆ ಏನೂ ಬಡಿಯದ ದಿನ ಮಗುವನ್ನು ಕೂರಿಸಿ. ಪರ್ಫ್ಯೂಮ್ ಡಬ್ಬಿ ತೂಗುಹಾಕಿ ವಾಸನೆ ಮುಚ್ಚಬೇಡಿ. ಉಳಿದ ಸ್ಪ್ರೇ ಡಬ್ಬಿಯನ್ನು ಯಜಮಾನರು ಡಿಕ್ಕಿಯಲ್ಲೇ ಇಟ್ಟಿದ್ದರೆ ಇವತ್ತೇ ತೆಗೆಸಿ. ಬಿಸಿಲಿಗೆ ನಿಂತ ಕಾರಿನೊಳಗೆ ಅದು ಸಿಡಿಯಬಹುದು.

ಸ್ಟೀರಿಂಗ್ ಚಕ್ರ ಬಿರುಕು ಬಿಟ್ಟಿದೆ. ಎಂಸೀಲ್ ತುಂಬಿ ಸ್ಪ್ರೇ ಹೊಡೆದರೆ ಆಗುತ್ತದೆಯೇ?
— ಓದುಗರು, ಕಲಬುರಗಿ

ತುಂಬುವುದು ನೀವು ಮಾಡಿ, ಹೊಡೆಯುವುದು ಬೇರೆಯವರಿಗೆ ಬಿಡಿ. ಬಿರುಕನ್ನು ಗರಗಸದ ಬ್ಲೇಡಿನಿಂದ ವಿ ಆಕಾರಕ್ಕೆ ಅಗಲಿಸಿ, ಎಪಾಕ್ಸಿ ಪುಟ್ಟಿ ಒತ್ತಿ, ಮರುದಿನ ತಿಕ್ಕಿ ದುಂಡಗೆ ಮಾಡಿ. ಮೇಲೆ ಸಾದಾ ಡಬ್ಬಿ ಹೊಡೆದರೆ ನಿಮ್ಮೂರಿನ ಏಪ್ರಿಲ್ ಬಿಸಿಲು, ಅಂಗೈ ಬೆವರು ಎರಡೂ ಸೇರಿ ಬೇಸಿಗೆ ಮುಗಿಯುವುದರೊಳಗೆ ಕೈಗೆ ಬಣ್ಣ ಹತ್ತುತ್ತದೆ. ಚಕ್ರಕ್ಕೆ ಬೂತಿನಲ್ಲಿ ಹೊಡೆಸಿದ 2ಕೆ ಪೇಂಟ್ ಒಂದೇ ಸರಿ.

ಇನ್ನು ಮುಂದೆ ಬರೆಯುವವರು ದಯವಿಟ್ಟು ಗಾಡಿಯ ವರ್ಷ, ಹೊಡೆಯಬೇಕಾದ ಭಾಗ ತಗಡೋ ರೆಕ್ಸಿನ್ನೋ ಪ್ಲಾಸ್ಟಿಕ್ಕೋ ಎಂಬುದು, ಮತ್ತು ಥಿನ್ನರ್ ಬಟ್ಟೆಯಲ್ಲಿ ಉಜ್ಜಿದಾಗ ಏನಾಯಿತು ಎಂಬುದು, ಈ ಮೂರನ್ನು ಪತ್ರದಲ್ಲಿ ತಪ್ಪದೆ ತಿಳಿಸಿ.